ಕಡಲಾಚೆಯ ಮಾಸ್ತರಿಕೆ

ಮಗ ಅಥವಾ ಮಗಳು ಪದವಿ ಪಡೆದು ಬಂದರೆ ಆ ಪದವಿಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗಹಾಕುವುದು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಹುಕಾಲದ ವಾಡಿಕೆ. ಈಚಿನ ವರ್ಷಗಳಲ್ಲಿ ಆ ಪತ್ರದ ಬೆನ್ನಿಗೇ ಇನ್ನೊಂದು ಕಾಗದವೂ ಮನೆ ಸೇರುತ್ತಿದೆ. ಅದನ್ನು ಯಾರೂ ಗೋಡೆಗೆ ತೂಗಹಾಕುವುದಿಲ್ಲ. ಕಪಾಟಿನ ಒಳಖಾನೆಯಲ್ಲಿ ಮಡಿಸಿ ಇಡುತ್ತಾರೆ. ಅದು ಬ್ಯಾಂಕಿನ ವಿದ್ಯಾಸಾಲದ ಲೆಕ್ಕ. ಅದರ ಮೇಲೆ ಎರಡು ಸಹಿಗಳಿರುತ್ತವೆ: ಒಂದು ಓದಿದವರದು, ಇನ್ನೊಂದು ತಂದೆಯದೋ ತಾಯಿಯದೋ. ಓದಿದವರಿಗೆ ನೌಕರಿ ಸಿಗಲಿ ಬಿಡಲಿ, ಕಂತು ಕಟ್ಟುವ ಹೊಣೆ ಎರಡೂ ಸಹಿಗಳ ಮೇಲೆ ಬೀಳುತ್ತದೆ.

ಇಂಥ ಮನೆಗಳಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಬಿ.ಎಡ್. ಮುಗಿಸಿದ ಮಗಳೊಬ್ಬಳು ಒಂದು ದಿನ ಮೆಲ್ಲನೆ ಮಾತು ತೆಗೆಯುತ್ತಾಳೆ: ಹೊರದೇಶದ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸಲು ಹೋದರೆ ಸಾಲ ಬೇಗ ತೀರೀತು ಎಂದು. ತಾಯಿಯ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಅಷ್ಟು ದೂರ ಯಾಕವಾ, ಇಲ್ಲೇ ಯಾವುದಾರ ಸಾಲಿಯೊಳಗ ನೌಕರಿ ಸಿಗೂದಿಲ್ಲೇನು?” ತಂದೆ ಏನೂ ಮಾತನಾಡುವುದಿಲ್ಲ. ತನ್ನ ಸಹಿಯೂ ಆ ಕಾಗದದ ಮೇಲಿದೆ ಎಂಬುದು ಅವರಿಗೆ ನೆನಪಿರುತ್ತದೆ. ಈ ಮೌನದಲ್ಲಿ ನಿರ್ಧಾರವಾಗುವುದಕ್ಕಿಂತ ಮೂವರೂ ಕುಳಿತು ಲೆಕ್ಕ ಹಾಕುವುದು ಮೇಲು.

ಮೊದಲು ಸಾಲದ ಸ್ವರೂಪ. ನಮ್ಮ ಬ್ಯಾಂಕುಗಳು ಇಂದು ಕೊಡುವ ವಿದ್ಯಾಸಾಲಕ್ಕೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಶನ್ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯೇ ತಳಹದಿ. ಓದುವ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ಬಡ್ಡಿಯೂ ಇಲ್ಲವೆಂದು ಹಲವರು ನಂಬಿರುತ್ತಾರೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಆ ಅವಧಿಯಲ್ಲಿ ಅದನ್ನು ಕಟ್ಟದಿದ್ದರೆ ಕೊನೆಗೆ ಅಸಲಿಗೆ ಕೂಡಿಕೊಳ್ಳುತ್ತದೆ. ಆಮೇಲೆ ತೀರಿಸಲು 15 ವರ್ಷಗಳವರೆಗೂ ಅವಕಾಶ ಉಂಟು. ಉದಾರವಾಗಿ ಕಾಣುವ ಈ ಅವಕಾಶದ ಬೆಲೆಯನ್ನು ಅಂಕಿಗಳೇ ಹೇಳುತ್ತವೆ. ಕಂತು ಪ್ರಾರಂಭವಾಗುವಾಗ ಬಾಕಿ 7.5 ಲಕ್ಷ ರೂಪಾಯಿ, ಬಡ್ಡಿ ಶೇಕಡಾ 10 ಎಂದು ಹಿಡಿಯೋಣ. 10 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 9,900 ರೂಪಾಯಿ. ಒಟ್ಟು ಕಟ್ಟುವ ಹಣ 11.9 ಲಕ್ಷದಷ್ಟು. ಅದೇ ಸಾಲವನ್ನು 3 ವರ್ಷಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 24,200, ಒಟ್ಟು 8.7 ಲಕ್ಷ. ಎರಡರ ನಡುವಣ ಅಂತರ 3 ಲಕ್ಷಕ್ಕೂ ಮಿಕ್ಕಿದ್ದು.

ಊರ ಖಾಸಗಿ ಶಾಲೆಯ ಹೊಸ ಶಿಕ್ಷಕಿ ತನ್ನ ಮೊದಲ ಸಂಬಳದಿಂದ ತಿಂಗಳಿಗೆ 24,000 ರೂಪಾಯಿ ತೆಗೆದಿಡುವುದು ಆಗದ ಮಾತು. 9,900 ತೆಗೆದಿಟ್ಟರೂ ಉಳಿಯುವುದು ಅಲ್ಪ. ಕಡಲಾಚೆಯ ಯೋಚನೆ ಹುಟ್ಟುವುದು ಈ ಅಂತರದಲ್ಲಿ. ಅದಕ್ಕೆ ಹುಡುಗಿಯ ಚಂಚಲತೆಯನ್ನು ಕಾರಣವೆನ್ನುವುದು ನ್ಯಾಯವಲ್ಲ.

ವಿದ್ಯೆಯ ಸಾಲ, ಅದನ್ನು ಪಾಠ ಹೇಳಿ ತೀರಿಸುವ ಪದ್ಧತಿ, ಇವೆರಡೂ ಈ ನಾಡಿಗೆ ಹೊಸವಲ್ಲ. ಸವಣೂರಿನಲ್ಲಿ ಜನಿಸಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಆ ಕಾಲೇಜನ್ನು ನಡೆಸುವ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಅವರನ್ನು 1936ರಲ್ಲಿ ಆಕ್ಸ್‌ಫರ್ಡಿಗೆ ಕಳುಹಿಸಿತು. ಪ್ರಥಮ ವರ್ಗದಲ್ಲಿ ಉತ್ತೀರ್ಣರಾಗಿ 1938ರಲ್ಲಿ ಮರಳಿದ ಅವರು ಅದೇ ಸೊಸೈಟಿಯ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಮುಂದೆ ತಾವು ಓದಿದ ಕರ್ನಾಟಕ ಕಾಲೇಜಿಗೇ ಪ್ರಾಚಾರ್ಯರಾಗಿ ಬಂದರು. ಆಮೇಲೆ, 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡುವ ಸಂಸ್ಥೆ ಅದು. ಒಬ್ಬನನ್ನು ಕಡಲಾಚೆಗೆ ಕಳುಹಿಸಿದ ಖರ್ಚನ್ನು ನಾಡು ಹೀಗೆ ಪಾಠದ ರೂಪದಲ್ಲಿ ಮರಳಿ ಪಡೆಯಿತು.

ಸರಕಾರವೂ ಒಮ್ಮೆ ಇದೇ ನೀತಿಯನ್ನು ಕಾಯದೆಯ ಭಾಷೆಯಲ್ಲಿ ಬರೆದಿತ್ತು. 1963ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯಲ್ಲಿ ಬಡ ಪ್ರತಿಭಾವಂತರಿಗೆ ಬಡ್ಡಿಯಿಲ್ಲದ ಸಾಲ ದೊರೆಯುತ್ತಿತ್ತು. ಸಾಲ ಪಡೆದವನು ಶಿಕ್ಷಕನಾದರೆ, ಸೇವೆಯ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಪಾಲು ಮನ್ನಾ! ಹತ್ತು ವರ್ಷ ಪಾಠ ಹೇಳಿದವನ ಖಾತೆ ತಾನಾಗಿಯೇ ಸೊನ್ನೆಯಾಗುತ್ತಿತ್ತು. ಆ ಯೋಜನೆ ಈಗ ಇಲ್ಲ. ಇಂದಿನ ಬ್ಯಾಂಕಿಗೆ ಪಾಠದ ವರ್ಷಗಳು ಬೇಡ, ರೂಪಾಯಿಗಳೇ ಬೇಕು. ಅಂದು ಊರಲ್ಲಿಯೇ ಕಲಿಸಿ ತೀರಿಸಬಹುದಾಗಿದ್ದ ಸಾಲಕ್ಕೆ ಇಂದು ವಿಮಾನ ಹತ್ತಬೇಕಾಗಿ ಬಂದಿರುವುದು ಇದರಿಂದಲೇ.

ಹಾಗೆ ಹೋದವರ ದಾರಿಯೂ ಹಳೆಯದೇ. ಇಟಲಿಯ ಆಕ್ರಮಣದಿಂದ 1941ರಲ್ಲಿ ಬಿಡುಗಡೆ ಹೊಂದಿದ ಇಥಿಯೋಪಿಯಕ್ಕೆ ಶಾಲೆಗಳು ಬೇಕಾಗಿದ್ದವು; ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವಾದ್ದರಿಂದ ಆ ಭಾಷೆ ಬಲ್ಲ ಶಿಕ್ಷಕರೂ ಬೇಕಾಗಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ದೂರದ ಸಣ್ಣ ಊರುಗಳವರೆಗೂ ಭಾರತೀಯ ಶಿಕ್ಷಕರು ಹೋಗಿ ನೆಲೆಸಿದರು. ಅವರಲ್ಲಿ ದಕ್ಷಿಣದವರು ಬಹು ಮಂದಿ. ಹಿಮಾಲಯದ ಭೂತಾನವೂ 1960ರ ದಶಕದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಕಟ್ಟಿದ್ದು ಭಾರತೀಯ ಶಿಕ್ಷಕರ ನೆರವಿನಿಂದಲೇ. 1970ರ ದಶಕದಲ್ಲಿ ಎಣ್ಣೆಯ ಹಣ ಹರಿದು ಬಂದ ನೈಜೀರಿಯ ಶಾಲೆಗಳನ್ನು ಹೆಚ್ಚಿಸಿದಾಗ ಅಲ್ಲಿಗೂ ಹೋದರು. ಆದರೆ 1980ರ ದಶಕದಲ್ಲಿ ಎಣ್ಣೆಯ ಬೆಲೆ ಕುಸಿದು, 1986ರಲ್ಲಿ ನಾಯಿರಾ ನಾಣ್ಯದ ಬೆಲೆಯೂ ಇಳಿದಾಗ, ಅದೇ ಸಂಬಳ ಭಾರತಕ್ಕೆ ಬರುವಷ್ಟರಲ್ಲಿ ಕರಗತೊಡಗಿತು. ಕಲಿಸುವವರ ಶ್ರಮ ಮೊದಲಿನಷ್ಟೇ ಇತ್ತು. ಕಡಿಮೆಯಾದದ್ದು ನಾಣ್ಯದ ಬೆಲೆ. ಈ ಪಾಠವನ್ನು ಈಗ ಹೊರಡುವವರೂ ಮರೆಯಬಾರದು.

ಇಂದಿನ ಸ್ಥಿತಿ ಹೇಗಿದೆ? ಕೊಲ್ಲಿಯ ದೇಶಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಅನೇಕ ಇವೆ, ಬಿ.ಎಡ್. ಆದವರಿಗೆ ಅಲ್ಲಿ ಪ್ರವೇಶ ಸುಲಭ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಸಂಬಳ ಸಾಮಾನ್ಯವಾಗಿ ಹೆಚ್ಚು, ಪೈಪೋಟಿಯೂ ಹೆಚ್ಚು. ಮಾಲ್ದೀವಿನ ದ್ವೀಪಗಳ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ಬಹುಕಾಲದಿಂದ ಇದ್ದಾರೆ. ಪೂರ್ವದ ದೇಶಗಳಲ್ಲಿ ಮಾತ್ರ ಇನ್ನೊಂದು ಗೋಡೆ ಎದುರಾಗುತ್ತದೆ. ಇಂಗ್ಲಿಷ್ ಯಾರ ತಾಯಿನುಡಿಯೋ ಅವರೇ ಅದನ್ನು ಕಲಿಸಬೇಕೆಂಬ ನಂಬಿಕೆ ಅಲ್ಲಿ ನಿಯಮವಾಗಿ ಬೆಳೆದಿದೆ. ದಕ್ಷಿಣ ಕೊರಿಯವು ಭಾಷಾಶಿಕ್ಷಕರ ವೀಸಾವನ್ನು ಇಂಗ್ಲಿಷಿಗೆ ಸಂಬಂಧಿಸಿದಂತೆ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳವರಿಗೆ ಮೀಸಲಿಟ್ಟಿದೆ. ಭಾರತದೊಡನೆ 2009ರಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವದ ಒಪ್ಪಂದವು ಈ ಗೋಡೆಯಲ್ಲಿ ಒಂದು ಕಿರುಬಾಗಿಲು ತೆರೆಯಿತು: ಪದವಿಯೂ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರವೂ ಉಳ್ಳ ಭಾರತೀಯರು ಸಹಾಯಕ ಶಿಕ್ಷಕರಾಗಿ ಹೋಗಬಹುದು.

ತಾಯಿನುಡಿಯವರೇ ಉತ್ತಮ ಶಿಕ್ಷಕರೆಂಬ ಈ ನಂಬಿಕೆಗೆ ಎಷ್ಟು ಬಲವಿದೆ? ಕನ್ನಡ ಬಲ್ಲವರು ಇದನ್ನು ತಮ್ಮ ಭಾಷೆಯಿಂದಲೇ ಪರೀಕ್ಷಿಸಬಹುದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೊರಿಯದ ಭಾಷೆಯಲ್ಲಿಯೂ ಜಪಾನಿನ ಭಾಷೆಯಲ್ಲಿಯೂ ಹಾಗೆಯೇ. ಇಂಗ್ಲಿಷಿನ ‘ಎ’, ‘ದಿ’ ಎಂಬ ಚಿಕ್ಕ ಪದಗಳು ಕನ್ನಡದಲ್ಲಿಲ್ಲ, ಆ ಎರಡು ಭಾಷೆಗಳಲ್ಲಿಯೂ ಇಲ್ಲ. ಇಂಗ್ಲಿಷಿನವರು ಹೆಸರಿನ ಮುಂದೆ ಇಡುವ ‘ಇನ್’, ‘ಟು’ ಮೊದಲಾದವುಗಳ ಕೆಲಸವನ್ನು ನಾವೂ ಅವರೂ ಹೆಸರಿನ ಹಿಂದೆ ಪ್ರತ್ಯಯ ಹಚ್ಚಿ ಮಾಡುತ್ತೇವೆ. “ಇವನು ನನ್ನ ತಮ್ಮ” ಎನ್ನುವಾಗ ಕನ್ನಡಕ್ಕೆ ‘ಈಸ್’ ಎಂಬುದು ಬೇಡ. ಅರಬ್ಬಿ ಭಾಷೆಗೂ ಬೇಡ. ಆದ್ದರಿಂದ ಸೋಲಿನ ಬಾಲಕನು ‘ದಿ’ ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಲ್ಲಿ, ದುಬೈಯ ಬಾಲಕಿ ‘ಈಸ್’ ಬಿಟ್ಟು ಮಾತಾಡಿದಲ್ಲಿ, ಧಾರವಾಡದ ಶಿಕ್ಷಕಿಗೆ ಆಶ್ಚರ್ಯವಾಗುವುದಿಲ್ಲ. ಆ ಕಲ್ಲಿಗೆ ಅವಳೂ ಒಮ್ಮೆ ಎಡವಿದವಳೇ. ಎಡವಿದ್ದನ್ನು ಯಾವ ಮಾತಿನಿಂದ ತಿದ್ದಿದರೆಂಬುದೂ ಅವಳ ನೆನಪಿನಲ್ಲಿದೆ. ಲಂಡನ್ನಿನಲ್ಲಿ ಹುಟ್ಟಿದವನಿಗೆ ಆ ಕಲ್ಲು ಕಂಡೇ ಇರುವುದಿಲ್ಲ.

ಹೀಗೆಂದು ಉಚ್ಚಾರವನ್ನು ಉಪೇಕ್ಷಿಸಬಾರದು. ಕೇಳುವವನಿಗೆ ಸ್ಪಷ್ಟವಾಗದ ಪಾಠ ಪಾಠವಾಗಲಾರದು. ಗೋಕಾಕರು ನಡೆಸಿದ ಆ ಸಂಸ್ಥೆ ಇಂದು ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವಾಗಿದೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಶಿಕ್ಷಕರ ತರಬೇತಿಗೆಂದೇ ಇದೆ. ಕೇಂಬ್ರಿಜ್ ನೀಡುವ ‘ಸೆಲ್ಟಾ’ ಎಂಬ ಅರ್ಹತಾಪತ್ರದ ಪೂರ್ಣಕಾಲಿಕ ಶಿಕ್ಷಣ ಕೇವಲ ನಾಲ್ಕು ವಾರಗಳದು; ಅದರಲ್ಲಿ ನಿಜವಾದ ವಿದ್ಯಾರ್ಥಿಗಳೆದುರು ಪಾಠ ಮಾಡಿ ತೋರಿಸಬೇಕಾಗುತ್ತದೆ. ಸಪ್ತಾಪುರದ ಬೀದಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ವರ್ಷಗಟ್ಟಲೆ ಹಗಲಿರುಳು ಓದುವ ನಮ್ಮ ತರುಣರಿಗೆ ಇಂಥ ಅಭ್ಯಾಸ ಅಸಾಧ್ಯವೇನೂ ಅಲ್ಲ.

ಇನ್ನು ಎಚ್ಚರಿಕೆಯ ಮಾತು. ಸಾಲ ತೀರಿಸಲು ಹೊರಟವರು ದಾರಿಯಲ್ಲಿ ಹೊಸ ಸಾಲ ಮಾಡಿಕೊಳ್ಳುವುದೇ ದೊಡ್ಡ ಅಪಾಯ. 1983ರ ವಲಸೆ ಕಾಯದೆಯಂತೆ, ಹೊರದೇಶದ ನೌಕರಿಗೆ ಜನರನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಣ ತೆರಿಗೆಯ ಮಿತಿಯಿದೆ. ಲಕ್ಷಗಟ್ಟಲೆ ಕೇಳುವವನ ಮುಂದೆ ಕುಳಿತುಕೊಳ್ಳುವ ಅಗತ್ಯವೇ ಇಲ್ಲ. ಅವನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಈ-ಮೈಗ್ರೇಟ್ ತಾಣದಲ್ಲಿ ಮನೆಯಲ್ಲಿಯೇ ಕುಳಿತು ಪರೀಕ್ಷಿಸಬಹುದು. “ಮೊದಲು ಪ್ರವಾಸಿ ವೀಸಾದ ಮೇಲೆ ಹೋಗಿರಿ, ಆಮೇಲೆ ನೋಡೋಣ” ಎನ್ನುವವನಿಂದ ದೂರವಿರಬೇಕು. ಪ್ರವಾಸಿಯಾಗಿ ಹೋಗಿ ಪಾಠ ಹೇಳುವವಳನ್ನು ಆ ದೇಶದ ಕಾನೂನು ರಕ್ಷಿಸುವುದಿಲ್ಲ, ಶಿಕ್ಷಿಸುತ್ತದೆ.

ಕರಾರುಪತ್ರವನ್ನು ಹೊರಡುವ ಮೊದಲೇ ಪೂರ್ತಿ ಓದಬೇಕು. ವಸತಿ ಯಾರದು, ರಜೆಯ ತಿಂಗಳುಗಳಿಗೆ ಸಂಬಳ ಉಂಟೆ, ಹೋಗಿಬರುವ ವಿಮಾನದ ಖರ್ಚು ಯಾರದು ಎಂಬ ಮೂರು ಪ್ರಶ್ನೆಗಳ ಮೇಲೆ ಉಳಿತಾಯವೆಲ್ಲ ನಿಂತಿರುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಒಂದು ವರ್ಷ ಪೂರೈಸಿದ ನೌಕರರಿಗೆ, ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲವೇತನದ ಲೆಕ್ಕದಲ್ಲಿ ಸೇವಾಂತ್ಯದ ಹಣ ದೊರೆಯುತ್ತದೆ. ಇದು ಮೂಲವೇತನದ ಮೇಲಣ ಲೆಕ್ಕವಾದ್ದರಿಂದ, ಒಟ್ಟು ಸಂಬಳದಲ್ಲಿ ಮೂಲವೇತನ ಎಷ್ಟೆಂಬುದನ್ನೂ ನೋಡಬೇಕು. ಪದವಿಪತ್ರಗಳಿಗೆ ಸರಕಾರದ ದೃಢೀಕರಣ, ಸಚಿವಾಲಯದ ಮುದ್ರೆ, ಕೆಲವೆಡೆ ದೂತಾವಾಸದ ಮುದ್ರೆ ಬೇಕಾಗುತ್ತವೆ. ಅವುಗಳಿಗೆ ವಾರಗಳೇ ಹಿಡಿಯುತ್ತವೆ. ಕೈಗೆ ನೌಕರಿಯ ಪತ್ರ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಸಿದ್ಧವಾಗಿರುವುದು ಲೇಸು.

ಆದರೆ ಇವೆಲ್ಲಕ್ಕಿಂತ ಕಠಿಣವಾದ ಕರಾರು ಮನೆಯೊಳಗಿನದು. ಮಗಳು ಕಳುಹಿಸುವ ಹಣಕ್ಕೆ ಮನೆ ಬಹು ಬೇಗ ಒಗ್ಗಿಬಿಡುತ್ತದೆ. ಮೊದಲ ವರ್ಷ ಕಂತು ಸರಿಯಾಗಿ ಹೋಗುತ್ತದೆ. ಎರಡನೆಯ ವರ್ಷ ಮಾಳಿಗೆಯ ಮೇಲೆ ಎರಡು ಕೋಣೆ ಏಳುತ್ತವೆ. ಮೂರನೆಯ ವರ್ಷ ತಮ್ಮನಿಗೆ ಮೋಟಾರ್ ಸೈಕಲ್ಲು, ಬಳಗದಲ್ಲೊಂದು ಮದುವೆ. ಸಾಲ ಮಾತ್ರ ಇದ್ದಲ್ಲಿಯೇ ಇರುತ್ತದೆ; ಮೂರು ವರ್ಷಕ್ಕೆಂದು ಹೋದವಳ ಪ್ರವಾಸ ಹತ್ತು ವರ್ಷಕ್ಕೆ ಬೆಳೆಯುತ್ತದೆ. ಯಾರೂ ದುಷ್ಟರಲ್ಲ, ಯಾರೂ ಕೂತು ಮಾತಾಡಲಿಲ್ಲ, ಅಷ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮಕ್ಕಳಿಗೆ ಕಲಿಸಿದ ಹಿರಿಯರು, ಆ ಹಾಸಿಗೆ ಮಗಳದೆಂಬುದನ್ನೂ ನೆನೆಯಬೇಕು.

ಆದ್ದರಿಂದ ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಮೂರು ಅಂಕಿಗಳನ್ನು ಬರೆದಿಡುವುದು ಒಳ್ಳೆಯದು: ಸಾಲದ ಬಾಕಿ, ತಿಂಗಳಿಗೆ ಕಟ್ಟುವ ಮೊತ್ತ, ಸಾಲ ತೀರುವ ತಿಂಗಳು. ಕಟ್ಟುವ ಹಣ ಮನೆಯ ಖರ್ಚಿನ ಖಾತೆಗೆ ಬಾರದೆ ನೇರವಾಗಿ ಸಾಲದ ಖಾತೆಗೇ ಹೋಗಲಿ. ನಾಣ್ಯದ ಬೆಲೆ ಏರಿದ ತಿಂಗಳು ಹೆಚ್ಚು ಕಟ್ಟಲಿ. ಇಳಿಯಬಹುದಾದ ತಿಂಗಳಿಗೆ ಅದೇ ಆಸರೆ.

ಆ ತಿಂಗಳು ಬಂದಾಗ ಮರಳಬೇಕೋ ಉಳಿಯಬೇಕೋ ಎಂಬುದು ಅವಳ ಇಷ್ಟಕ್ಕೆ ಬಿಟ್ಟದ್ದು. ಉಳಿದರೂ ನಾಡಿಗೆ ಎರವಾಗಬೇಕಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ನಡೆಸುವ ಪಾಠಶಾಲೆಯಲ್ಲಿ ಅನಿವಾಸಿ ಮಕ್ಕಳು ಉಚಿತವಾಗಿ ಕನ್ನಡದ ಅಕ್ಷರ ಕಲಿಯುತ್ತಿದ್ದಾರೆ, ಅಲ್ಲಿಯೂ ಕಲಿಸುವ ಕೈಗಳು ಬೇಕು. ಮರಳಿದರೆ ನಾಲ್ಕು ದೇಶಗಳ ಮಕ್ಕಳ ತಪ್ಪುಗಳನ್ನು ತಿದ್ದಿದ ಅನುಭವ ಹೊತ್ತು ಮರಳುತ್ತಾಳೆ. ಕಲಘಟಗಿಯ ಹುಡುಗನಿಗೆ ‘ದಿ’ ಎಲ್ಲಿ ಬರುತ್ತದೆಂದು ಹೇಳಿಕೊಡಲು ಅವಳಿಗಿಂತ ತಕ್ಕವರು ಸಿಗುವುದು ಕಷ್ಟ. ಬ್ಯಾಂಕಿನ ಸಾಲಕ್ಕೆ ಕೊನೆಯ ಕಂತು ಎಂಬುದು ಉಂಟು, ಅದನ್ನು ಬೇಗ ಮುಟ್ಟುವುದೇ ಜಾಣತನ. ಆ ದಿನದ ಅನಂತರ ಅವಳು ಹೇಳುವ ಪಾಠಕ್ಕೆ ಯಾರ ಒತ್ತಾಯವೂ ಇರುವುದಿಲ್ಲ.