ಹಾಲಿನ ಬಾಟಲಿ: ಪ್ರಶ್ನೆ ತಾಯಿಯೊಬ್ಬಳದಲ್ಲ

ಹುಟ್ಟಿದ ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಸರ್ಕಾರದ ಸಲಹೆಯೂ ಅದೇ. ಸಂಘಟಿತ ವಲಯದಲ್ಲಿ ದುಡಿಯುವ ಮಹಿಳೆಗೆ ಮೊದಲ ಎರಡು ಮಕ್ಕಳವರೆಗೆ ದೊರೆಯುವ ವೇತನಸಹಿತ ಹೆರಿಗೆ ರಜೆ 26 ವಾರ. ಮೇಲ್ನೋಟಕ್ಕೆ ಲೆಕ್ಕ ಸರಿಹೊಂದುತ್ತದೆ. ಆದರೆ ಇದರಲ್ಲಿ ಎಂಟು ವಾರಗಳವರೆಗಿನ ರಜೆಯನ್ನು ಹೆರಿಗೆಗೆ ಮೊದಲೇ ಪಡೆಯಲು ಅವಕಾಶವಿದೆ. ರಕ್ತದೊತ್ತಡವೋ ಕಾಲುಬಾವೋ ಕಾಣಿಸಿಕೊಂಡು ವೈದ್ಯರು ವಿಶ್ರಾಂತಿ ಹೇಳಿದರೆ ಅದನ್ನು ಬಳಸಿಕೊಳ್ಳದೆ ಗತ್ಯಂತರವಿಲ್ಲ. ಆಗ ಮಗುವಿನ ಪಾಲಿಗೆ ಉಳಿಯುವುದು 18 ವಾರ. ನಾಲ್ಕು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಾಯಿ ಮತ್ತೆ ಕಚೇರಿಯ ಮೆಟ್ಟಿಲು ಹತ್ತಬೇಕು. ಸಲಹೆಗೂ ರಜೆಗೂ ನಡುವಿನ ಈ ಬಿರುಕಿನಲ್ಲಿಯೇ ಹಾಲಿನ ಬಾಟಲಿ ಮನೆಯೊಳಕ್ಕೆ ಬರುತ್ತದೆ.

ಬಂದ ಬಾಟಲಿಯನ್ನು ಮಗು ಒಪ್ಪಬೇಕಲ್ಲ! ಎದೆಹಾಲಿಗೆ ಒಗ್ಗಿಕೊಂಡ ಕೂಸು ನಿಪ್ಪಲನ್ನು ನಾಲಗೆಯಿಂದ ಹೊರದಬ್ಬುತ್ತದೆ, ಬೆನ್ನು ಬಾಗಿಸಿ ಅಳುತ್ತದೆ. ‘ಮೊದಲೇ ರೂಢಿ ಮಾಡಿಸಬೇಕಾಗಿತ್ತು’ ಎಂದು ಅತ್ತೆ ಹೇಳಿದರೆ, ‘ಬಾಟಲಿ ಮುಟ್ಟಲೇಬೇಡಿ’ ಎಂದು ವೈದ್ಯರು ಹೇಳುತ್ತಾರೆ. ‘ಸೋಮವಾರದಿಂದ ಹಾಜರಾಗಿ’ ಎಂದು ಕಚೇರಿ ಹೇಳುತ್ತದೆ. ಮೂವರಿಗೂ ಉತ್ತರ ಕೊಡಬೇಕಾದವಳು ಒಬ್ಬಳೇ. ನಾನು ಬಲ್ಲ ಎಷ್ಟೋ ತರುಣಿಯರು ಇದನ್ನು ತಮ್ಮ ತಾಯ್ತನದ ಸೋಲು ಎಂದೇ ಬಗೆದು ಕಣ್ಣೀರಿಟ್ಟಿದ್ದಾರೆ. ಅದು ಸೋಲೂ ಅಲ್ಲ, ಮಗುವಿನ ಹಟವೂ ಅಲ್ಲ.

ಮೊಲೆಯುಣ್ಣುವಾಗ ಮಗು ಬಾಯಿ ಅಗಲಿಸಿ, ದವಡೆ ಮತ್ತು ನಾಲಗೆಯನ್ನು ಅಲೆಯಂತೆ ದುಡಿಸಿ ಹಾಲನ್ನು ಎಳೆದುಕೊಳ್ಳಬೇಕು. ಹಾಲು ಇಳಿದುಬರಲು ಒಂದೆರಡು ನಿಮಿಷ ಹಿಡಿಯಬಹುದು. ರಬ್ಬರಿನ ನಿಪ್ಪಲಿನಲ್ಲಿ ಹಾಲು ತಾನಾಗಿಯೇ ಸುರಿಯುತ್ತದೆ. ನಾಲಗೆಗೆ ಅಲ್ಲಿ ಬೇರೆಯೇ ಕೆಲಸ. ಬಾಣಂತನದ ಮೊದಲ ವಾರಗಳಲ್ಲಿಯೇ ಬಾಟಲಿ ಕೊಟ್ಟರೆ ಕೆಲವು ಮಕ್ಕಳು ಆ ಸಲೀಸಿಗೆ ಒಲಿದು ಎದೆಯನ್ನು ನಿರಾಕರಿಸುತ್ತವೆ. ಮಗು ಕುಡಿದಷ್ಟೂ ಹಾಲು ಊರುತ್ತದೆ, ಕುಡಿಯುವುದು ತಗ್ಗಿದರೆ ಊರುವುದೂ ತಗ್ಗುತ್ತದೆ. ವೈದ್ಯರ ಎಚ್ಚರಿಕೆಯ ಹಿಂದಿರುವುದು ಈ ಸರಳ ಸತ್ಯ.

ಕೆಲಸಕ್ಕೆ ಮರಳಲೇಬೇಕಾದವರಿಗೆ ತಜ್ಞರು ಹೇಳುವ ದಾರಿ ಮಧ್ಯಮ ಮಾರ್ಗದ್ದು. ಎದೆಹಾಲು ಚೆನ್ನಾಗಿ ನೆಲೆಗೊಳ್ಳುವವರೆಗೆ, ಅಂದರೆ ಕನಿಷ್ಠ ಮೂರು ನಾಲ್ಕು ವಾರ, ಬಾಟಲಿಯ ಮಾತು ಬೇಡ. ಅನಂತರವೂ ಒಳಗಿರಬೇಕಾದುದು ಸಾಧ್ಯವಾದಷ್ಟೂ ತಾಯಿಯೇ ಹಿಂಡಿ ತೆಗೆದ ಹಾಲು. ರಜೆ ಮುಗಿಯುವ ಹಿಂದಿನ ದಿನವಲ್ಲ, ಎರಡು ಮೂರು ವಾರ ಮೊದಲೇ ಅಭ್ಯಾಸ ಆರಂಭವಾಗಲಿ. ಮಗು ಹಸಿದು ಕಂಗೆಟ್ಟಿರುವಾಗ ಅಲ್ಲ, ಸಮಾಧಾನದಿಂದಿರುವಾಗ. ಕೊಡುವವರು ತಾಯಿಯಲ್ಲದೆ ಬೇರೆಯವರಾದರೆ ಒಳ್ಳೆಯದು. ಅಮ್ಮನ ವಾಸನೆ ಸಮೀಪದಲ್ಲಿರುವಾಗ ಮಗು ರಬ್ಬರನ್ನೇಕೆ ಒಪ್ಪೀತು? ಈ ಕೆಲಸಕ್ಕೆ ತಂದೆಗಿಂತ ತಕ್ಕವರು ಯಾರು? ಮಗುವನ್ನು ಮಲಗಿಸದೆ, ತುಸು ನೆಟ್ಟಗೆ ಕೂರಿಸಿಕೊಂಡು, ನಿಧಾನವಾಗಿ ಹಾಲು ಬರುವ ನಿಪ್ಪಲಿನಿಂದ, ನಡುನಡುವೆ ನಿಲ್ಲಿಸುತ್ತ ಕುಡಿಸಬೇಕು. ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಅದನ್ನು ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು.

ಹಾಗಾದರೆ ಬಾಟಲಿಯ ಬಗ್ಗೆ ವೈದ್ಯಲೋಕಕ್ಕೇಕೆ ಇಷ್ಟು ಮುನಿಸು? ಅದಕ್ಕೊಂದು ಚರಿತ್ರೆಯಿದೆ. ಕಳೆದ ಶತಮಾನದಲ್ಲಿ ಹಾಲಿನ ಪುಡಿಯ ಕಂಪೆನಿಗಳು ಬಡ ದೇಶಗಳಲ್ಲಿ ನಡೆಸಿದ ಪ್ರಚಾರದಿಂದ ಎದೆಹಾಲು ಹಳೆಯ ಕಾಲದ್ದು ಎಂಬ ಭಾವನೆ ಹರಡಿತು. ಪುಡಿ ದುಬಾರಿ, ಆದ್ದರಿಂದ ತಾಯಂದಿರು ಅದಕ್ಕೆ ನೀರು ಹೆಚ್ಚು ಬೆರೆಸಿದರು. ಆ ನೀರೂ ಶುದ್ಧವಾಗಿರಲಿಲ್ಲ. ಅತಿಸಾರಕ್ಕೆ, ಅಪೌಷ್ಟಿಕತೆಗೆ ಕೂಸುಗಳು ಬಲಿಯಾದವು. ಇದರ ವಿರುದ್ಧ ಎದ್ದ ಜಾಗತಿಕ ಪ್ರತಿಭಟನೆಯ ಫಲವಾಗಿ 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯೊಂದು ರೂಪುಗೊಂಡಿತು. ಭಾರತ 1992ರಲ್ಲಿ ಕಾಯ್ದೆಯನ್ನೇ ತಂದು, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ನಮ್ಮಲ್ಲಿ ನಿಷಿದ್ಧ.

ಆದರೆ ಈ ಕಾಯ್ದೆ ಹದ್ದುಬಸ್ತಿನಲ್ಲಿಡುವುದು ಮಾರುವವರನ್ನೇ ಹೊರತು ತಾಯಿಯನ್ನಲ್ಲ ಎಂಬುದನ್ನು ಮರೆಯಬಾರದು. ಹೆರಿಗೆ ಆಸ್ಪತ್ರೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಹತ್ತು ಸೂತ್ರಗಳಲ್ಲಿ ‘ಕೃತಕ ನಿಪ್ಪಲು ಕೊಡಬೇಡಿ’ ಎಂಬ ಕಟ್ಟಪ್ಪಣೆ ಮೊದಲಿಗಿತ್ತು. 2018ರ ಪರಿಷ್ಕರಣೆಯಲ್ಲಿ ಅದು, ಬಾಟಲಿಯ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿವಳಿಕೆ ಕೊಡಿ ಎಂದು ಬದಲಾಯಿತು. ಅಪ್ಪಣೆಯಿಂದ ಸಮಾಲೋಚನೆಯ ಕಡೆಗಿನ ಈ ಹೆಜ್ಜೆ ನಮ್ಮ ಆಸ್ಪತ್ರೆಗಳ ಹೊಸ್ತಿಲನ್ನೂ ದಾಟಬೇಕು. ಬೈಸಿಕೊಳ್ಳುವ ಭಯದಿಂದ ವೈದ್ಯರಲ್ಲಿ ಬಾಟಲಿಯ ಸುದ್ದಿಯನ್ನೇ ಎತ್ತದ ತಾಯಿ ಕೊನೆಗೆ ಹೋಗುವುದು ಔಷಧದ ಅಂಗಡಿಗೆ. ಅಲ್ಲಿ ಸಿಗುವುದು ಪುಡಿಯ ಡಬ್ಬಿ.

ಬಾಟಲಿಗಿಂತ ಹಳೆಯದಾದ ಒಂದು ಸಾಧನ ನಮ್ಮ ಮನೆಗಳಲ್ಲಿಯೇ ಇತ್ತು: ಒಳಲೆ. ಹಕ್ಕಿಯ ಕೊಕ್ಕಿನಂತೆ ಮುಂಚಾಚಿದ ಪುಟ್ಟ ಬಟ್ಟಲು. ಉಳ್ಳವರಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು. ಅದರಲ್ಲಿ ಹರಳೆಣ್ಣೆ, ಬಜೆ ಕುಡಿಸುತ್ತಿದ್ದ ಪದ್ಧತಿ ಮರಳಬೇಕಾಗಿಲ್ಲ. ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಗಂಟಲಿಗೆ ಸುರಿಯುವುದಂತೂ ಅಪಾಯಕರ, ಹಾಲು ಶ್ವಾಸಕ್ಕೆ ಹೋದೀತು. ಆದರೆ ಪಾತ್ರೆ ನಿರ್ದೋಷಿ. ದಿನ ತುಂಬುವ ಮೊದಲೇ ಹುಟ್ಟಿ, ಚೀಪಲು ತ್ರಾಣವಿಲ್ಲದ ಕೂಸುಗಳಿಗೆ ದೇಶದ ನವಜಾತ ಶಿಶು ಘಟಕಗಳಲ್ಲಿ ಇಂದಿಗೂ ಹಾಲುಣಿಸುವುದು ಇದೇ ಬಗೆಯ ಸ್ಟೀಲಿನ ಒಳಲೆಯಿಂದ. ಮಗುವನ್ನು ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದಂತೆಲ್ಲ ಹನಿಹನಿಯಾಗಿ ಕೊಡಬೇಕು. ತೊಳೆಯುವುದು ಸುಲಭ, ಕುದಿಸುವುದು ಸುಲಭ, ನಿಪ್ಪಲಿನ ಗೊಂದಲವಿಲ್ಲ. ಬಾಟಲಿಯನ್ನು ಉಗುಳುವ ಮಗು ಒಳಲೆಯನ್ನೋ ಪುಟ್ಟ ಲೋಟವನ್ನೋ ಒಪ್ಪಿಕೊಳ್ಳುವುದುಂಟು. ತಾಳ್ಮೆ ಬೇಕು, ಅಷ್ಟೆ.

ಆದರೆ ಯಾವ ಪಾತ್ರೆಯಾದರೂ ಅದರೊಳಗೆ ತುಂಬಲು ಹಾಲು ಬೇಕು. ತಾಯಿ ಅದನ್ನು ಹಿಂಡುವುದು ಎಲ್ಲಿ, ಯಾವಾಗ? ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆರಿಗೆ ರಜೆ 12 ವಾರ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸಲು ಪ್ರತ್ಯೇಕ ವಿರಾಮ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿಯೇ ಬರೆದಿತ್ತೆಂಬುದನ್ನು ನಮ್ಮ ಸಂಸ್ಥೆಯಲ್ಲಿ ಯಾರೂ ತಿಳಿಸಲಿಲ್ಲ. ಎದೆ ಬಿಗಿದು ನೋವೆದ್ದಾಗ ಹಾಲು ಹಿಂಡಿ ಚೆಲ್ಲಲು ಇದ್ದ ಜಾಗ ಶೌಚಾಲಯವೊಂದೇ. ಮನೆಯಲ್ಲಿ ಮಗು ಅದೇ ಹೊತ್ತಿಗೆ ಹಸುವಿನ ಹಾಲು ಕುಡಿಯುತ್ತಿತ್ತು. ದಶಕಗಳು ಕಳೆದಿವೆ. ಗಾಜಿನ ಗೋಡೆಗಳ ಕಚೇರಿಗಳಲ್ಲಿ ದುಡಿಯುವ ನನ್ನ ವಿದ್ಯಾರ್ಥಿನಿಯರು ಹೇಳುವ ಕಥೆಯೂ ಅದೇ. ವ್ಯತ್ಯಾಸವೆಂದರೆ ಅವರ ಕೈಯಲ್ಲೊಂದು ಪಂಪ್ ಇದೆ.

ಕಾನೂನು ಮಾತ್ರ ಮುಂದೆ ಸಾಗಿದೆ. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿದ್ದಲ್ಲದೆ, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಅಂಶಗಳನ್ನು ಉಳಿಸಿಕೊಂಡಿದೆ. ಆದರೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಎಂಬ ಗುರಿಯ ಬೆನ್ನು ಹತ್ತಿ ಹೊಲಿಯುವ ಹೆಣ್ಣುಮಗಳು ಯಂತ್ರ ಬಿಟ್ಟು ನಾಲ್ಕು ಬಾರಿ ಏಳಲು ಸಾಧ್ಯವೇ? ನಾಲ್ಕು ಮನೆಗಳ ಪಾತ್ರೆ ತೊಳೆಯುವವಳಿಗೆ ರಜೆಯೂ ಇಲ್ಲ, ವಿರಾಮವೂ ಇಲ್ಲ. ನಾವು, ಮಧ್ಯಮ ವರ್ಗದ ಗೃಹಸ್ಥರು, ಆಕೆಯ ಪಾಲಿನ ಮಾಲೀಕರೆಂಬುದು ನೆನಪಿರಲಿ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದವರ ಪ್ರಮಾಣ ಶೇ 54.9. 2019-21ರ ಸಮೀಕ್ಷೆಯಲ್ಲಿ ಅದು ಶೇ 63.7ಕ್ಕೆ ಏರಿತು. ಅಂದರೆ ತಾಯಂದಿರು ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆ. ಉಳಿದವರು ಮಾಡಬೇಕಾದುದು ದೊಡ್ಡದೇನಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಕುರ್ಚಿ, ಕೈತೊಳೆಯಲು ನೀರು, ಒಂದು ಸಣ್ಣ ಫ್ರಿಜ್. ಜೊತೆಗೆ, ಕಾನೂನಿನಲ್ಲಿರುವ ಎರಡು ವಿರಾಮಗಳನ್ನು ನೇಮಕಾತಿ ಪತ್ರದಲ್ಲಿಯೇ ನಮೂದಿಸುವ ಪ್ರಾಮಾಣಿಕತೆ. ಕಾರ್ಮಿಕ ಇಲಾಖೆಯ ತನಿಖಾಧಿಕಾರಿಗಳು ಅಗ್ನಿಶಾಮಕ ಸಾಧನ ಎಲ್ಲಿದೆ ಎಂದು ಕೇಳುವಂತೆಯೇ ಈ ಕೋಣೆ ಎಲ್ಲಿದೆ ಎಂದೂ ಕೇಳಲಿ. ಅದಾಗುವವರೆಗೆ, ಬಾಟಲಿ ಹಿಡಿದು ಮಗುವನ್ನು ಓಲೈಸುತ್ತ ಕುಳಿತ ತಾಯಿಗೆ ಬುದ್ಧಿ ಹೇಳುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.