ಬಿಡಿಭಾಗಕ್ಕೆ ಬಿಲ್ ಇದೆ, ಪತ್ತೆಗೆ ಯಾಕಿಲ್ಲ?

ನಮ್ಮ ಕಡೆ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟ ಕೂಡಲೇ ಬರುವ ಮೊದಲ ಪ್ರಶ್ನೆ ‘ಏನಾಗಿದೆ?’ ಅಲ್ಲ, ‘ಎಷ್ಟಾಗುತ್ತೆ?’. ಉತ್ತರವೂ ಹಾಗೇ ಬರುತ್ತದೆ. ಸ್ಟೀರಿಂಗ್ ಗಟ್ಟಿಯಾ? ಪಂಪ್ ಹಾಕೋಣ. ಸದ್ದು ಬರುತ್ತಾ? ಬಾಕ್ಸೂ ಬದಲಿಸೋಣ. ದೋಷ ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ಮಾತ್ರ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ. ಇದರಿಂದ ಗಾಡಿಯ ಮಾಲೀಕರಿಗೆ ನಷ್ಟ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಇನ್ನೂ ದೊಡ್ಡ ನಷ್ಟ ಎನ್ನುವುದು ನನ್ನ ವಾದ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಊರು ಹಾರಂಗಿ. ನಮ್ಮ ಮನೆಯಲ್ಲಿರುವುದು ಹದಿನೈದು ವರ್ಷದ ಹಳೆಯ ಪಿಕಪ್. ಶುಂಠಿ, ಕಾಫಿ ಮೂಟೆ, ಗೊಬ್ಬರ, ಮದುವೆ ಶಾಮಿಯಾನ ಎಲ್ಲದಕ್ಕೂ ಅದೇ. ನಾಲೆ ಏರಿಯ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ಲೋಡ್ ಸಮೇತ ಹಿಂದೆ ಸರಿಯಬೇಕು. ಅಂಥ ಕಡೆ ಸ್ಟೀರಿಂಗ್ ಮಾತು ಕೇಳದಿದ್ದರೆ ದುಡಿಮೆಯೇ ಇಲ್ಲ. ಕಾಫಿ ಕುಯ್ಲಿನ ದಿನಗಳಲ್ಲೇ ಅದು ಗಟ್ಟಿಯಾಯಿತು, ತಿರುಗಿಸಿದಾಗಲೆಲ್ಲ ಕೊರಗುವ ಸದ್ದು ಬೇರೆ. ಒಂದು ಗ್ಯಾರೇಜಿನಲ್ಲಿ ಪಂಪ್, ಬಾಕ್ಸ್ ಎರಡೂ ಹೋಗಿವೆ ಎಂದು 25 ಸಾವಿರ ಹೇಳಿದರು. ಬಾನೆಟ್ ಎತ್ತಿ ನೋಡಿ ಎರಡು ನಿಮಿಷವೂ ಆಗಿರಲಿಲ್ಲ. ಅಪ್ಪನಿಗೆ ಆ ತಿಂಗಳ ಸಾಲದ ಕಂತು ಕಟ್ಟುವುದೇ ಕಷ್ಟವಿತ್ತು.

ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಹೊಸದೇನಲ್ಲ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇದನ್ನು ಕಾರಿಗೆ ಅಳವಡಿಸಿ ತೋರಿಸಿದ್ದರು. 1951ರಲ್ಲಿ ಕ್ರೈಸ್ಲರ್ ಕಂಪನಿ ಮಾರಾಟದ ಕಾರಿಗೆ ತಂದಿತು. ಎಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಒತ್ತಡದಿಂದ ಬಾಕ್ಸಿಗೆ ಕಳಿಸುತ್ತದೆ, ಎಣ್ಣೆ ಮತ್ತೆ ಡಬ್ಬಿಗೆ ಬರುತ್ತದೆ. ಅಷ್ಟೇ. ಹಾಗಾಗಿ ಲಕ್ಷಣಗಳೇ ಅರ್ಧ ಉತ್ತರ ಹೇಳುತ್ತವೆ. ನಿಂತಲ್ಲಿ ಗಟ್ಟಿಯಾಗಿದ್ದು ಆಕ್ಸಿಲರೇಟರ್ ಒತ್ತಿದರೆ ಹಗುರವಾದರೆ ಪಂಪ್ ಅಥವಾ ಬೆಲ್ಟ್ ಕಡೆ ನೋಡಬೇಕು. ಒಂದೇ ಪಕ್ಕಕ್ಕೆ ಗಟ್ಟಿಯಾದರೆ ಬಾಕ್ಸಿನೊಳಗಿನ ವಾಲ್ವ್ ಮೇಲೆ ಅನುಮಾನ. ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಲಿಂಕೇಜ್ ಬಿಚ್ಚಿದ ಮೇಲೂ ಚಕ್ರ ತಿರುಗಲು ಬಿಗಿಯಾಗಿದ್ದರೆ ದೋಷ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನದು. ಪವರ್ ಸ್ಟೀರಿಂಗಿಗೆ ಸಂಬಂಧವೇ ಇಲ್ಲ.

ನಾನು ಮತ್ತು ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಭಾನುವಾರ ಕೂತು ನೋಡಿದೆವು. ಬೆಲ್ಟ್ ಬಿಗಿಯಾಗಿತ್ತು. ನೆಲದ ಮೇಲೆ ಎಣ್ಣೆಯ ಹನಿ ಇರಲಿಲ್ಲ. ಆದರೆ ಡಬ್ಬಿಯ ಮುಚ್ಚಳ ತೆಗೆದರೆ ಎಣ್ಣೆ ನೊರೆ ನೊರೆ, ಬೆರೆಸಿದ ಕಾಫಿಯ ಹಾಗೆ. ನೊರೆ ಎಂದರೆ ಗಾಳಿ. ಹೊರಗೆ ಸೋರದೆ ಒಳಗೆ ಗಾಳಿ ಸೇರುವ ಜಾಗ ಎಂದರೆ ಡಬ್ಬಿಯಿಂದ ಪಂಪಿಗೆ ಹೋಗುವ ಹೀರು ಪೈಪು. ಕ್ಲಾಂಪಿನ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಸೀಳಿತ್ತು. ಪೈಪು, ಎರಡು ಕ್ಲಾಂಪು, ಹೊಸ ಎಣ್ಣೆ ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಎಂಜಿನ್ ಆರಿಸಿ, ಚಕ್ರ ಎತ್ತಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಸಲ ತಿರುಗಿಸಿ ಗಾಳಿ ತೆಗೆದೆವು. ಸದ್ದು ನಿಂತಿತು.

ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮರು ವರ್ಷ ಅದೇ ಗಾಡಿಯ ಬಾಕ್ಸ್ ನಿಜವಾಗಿಯೂ ಕೈಕೊಟ್ಟಿತು. ಮೇಲೆ ಶಾಫ್ಟ್ ತಿರುಗುತ್ತಿದ್ದರೂ ಕೆಳಗೆ ಪಿಟ್‌ಮನ್ ಆರ್ಮ್ ಅಲ್ಲಾಡುತ್ತಿರಲಿಲ್ಲ. ಸೀಲ್ ಎರಡು ಸಲ ಹಾಕಿದರೂ ಸೋರಿಕೆ ನಿಲ್ಲಲಿಲ್ಲ. ಆಗ ಮೈಸೂರಿನಿಂದ ಅದೇ ಮಾದರಿಯ ರೀಕಂಡಿಷನ್ ಬಾಕ್ಸ್ ತಂದೆವು. ಅಲ್ಲೂ ಹುಡುಕುವವನ ಕಣ್ಣೇ ಬೇಕು. ಆರ್ಮ್ ಕಳಚುವ ಮೊದಲು ಗುರುತು ಹಾಕಬೇಕು, ಹೊಸ ಬಾಕ್ಸಿನ ಸುತ್ತು ಎಣಿಸಿ ಸರಿಯಾಗಿ ಮಧ್ಯಕ್ಕೆ ತರಬೇಕು, ಪೈಪುಗಳನ್ನೂ ಡಬ್ಬಿಯನ್ನೂ ತೊಳೆಯಬೇಕು. ಹಳೆಯ ಲೋಹದ ಪುಡಿ ಉಳಿದರೆ ಹೊಸ ಭಾಗವೂ ಬೇಗ ಸವೆಯುತ್ತದೆ. ಎಣ್ಣೆ ಕೈಪಿಡಿಯಲ್ಲಿ ಹೇಳಿದ್ದೇ ಆಗಬೇಕು. ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಹಾಳು. ಕೊನೆಗೆ ಅಲೈನ್‌ಮೆಂಟ್. ಪವರ್ ಇಲ್ಲದ ಗಾಡಿಗೆ ಬೇರೆ ಮಾದರಿಯ ಬಾಕ್ಸ್ ಕೂರಿಸುವ ಆಸೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧ ಹಾಕುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಡಿಕೇರಿಯಿಂದ ಸುಂಟಿಕೊಪ್ಪ ಕಡೆಗೆ ಇಳಿಯುವಾಗ ಡೀಸೆಲ್ ಉಳಿಸಲು ಎಂಜಿನ್ ಆರಿಸುವ ಚಾಲಕರಿದ್ದಾರೆ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಬೇಗ ಮುಗಿಯುತ್ತದೆ. ಸ್ಟೀರಿಂಗ್ ತಿರುಗುತ್ತದೆ ನಿಜ, ಆದರೆ ತಿರುವಿನಲ್ಲಿ ಲೋಡ್ ಇಟ್ಟುಕೊಂಡು ಆ ಭಾರವನ್ನು ತಿರುಗಿಸಿ ನೋಡಿ!

ಮೆಕ್ಯಾನಿಕ್‌ಗಳನ್ನು ಬೈದು ಮುಗಿಸುವುದು ಸುಲಭ. ಒಂದು ಗಂಟೆ ಹುಡುಕಿ ‘ಪೈಪು ಸೀಳಿದೆ ಅಷ್ಟೇ’ ಎಂದವರಿಗೆ ನಾವು ಕೊಡುವುದೆಷ್ಟು? ಟೀ ಕುಡಿಯಲು ಐವತ್ತು ರೂಪಾಯಿ. ಪಂಪ್ ಬದಲಿಸಿದವರಿಗೆ ಸಾವಿರಗಟ್ಟಲೆ. ಡಾಕ್ಟರಿಗೆ ಮಾತ್ರೆಯ ಬೆಲೆ ಬೇರೆ, ಪರೀಕ್ಷೆಯ ಫೀಸು ಬೇರೆ ಕೊಡುವ ನಾವು ಗ್ಯಾರೇಜಿನಲ್ಲಿ ಮಾತ್ರ ಮುಖ ಸಿಂಡರಿಸುತ್ತೇವೆ. ಪತ್ತೆಯ ಕೂಲಿ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯುವ ಪದ್ಧತಿ ಬಂದರೆ ಬಾಕ್ಸ್ ಮಾರುವ ಅವಸರ ತಾನಾಗಿ ಕಡಿಮೆಯಾಗುತ್ತದೆ.

ನಮ್ಮ ಓದಿನಲ್ಲೂ ಇದೇ ಕಥೆ. ಪರೀಕ್ಷೆಯಲ್ಲಿ ಪವರ್ ಸ್ಟೀರಿಂಗಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿದ್ದೇವೆ. ಕೆಟ್ಟಿರುವ ಒಂದು ಗಾಡಿಯನ್ನು ಎದುರಿಗೆ ನಿಲ್ಲಿಸಿ ‘ಹುಡುಕು’ ಎಂದವರಿಲ್ಲ. ಐಟಿಐನ ಎರಡು ವರ್ಷದ ಮೋಟಾರ್ ವೆಹಿಕಲ್ ಕೋರ್ಸ್ ಮಾಡುತ್ತಿರುವ ಗೆಳೆಯರೂ ಇದನ್ನೇ ಹೇಳುತ್ತಾರೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬೇಕೆಂದೇ ಒಂದು ಕ್ಲಾಂಪ್ ಸಡಿಲ ಮಾಡಿಟ್ಟು ಅಂಕ ಕೊಟ್ಟರೆ ಸಾಕು, ಖರ್ಚೂ ಇಲ್ಲ.

ಹೊಸ ಗಾಡಿಗಳಲ್ಲಿ ಈಗ ಎಣ್ಣೆಯ ಬದಲು ಎಲೆಕ್ಟ್ರಿಕ್ ಮೋಟಾರ್ ಬಂದಿದೆ, ಸ್ಕ್ಯಾನರ್ ಬೇಕು. ಅಲ್ಲೂ ದುಬಾರಿ ಭಾಗಕ್ಕೆ ಕೈ ಹಾಕುವ ಮೊದಲು ಬ್ಯಾಟರಿ ವೋಲ್ಟೇಜ್, ಫ್ಯೂಸ್, ಅರ್ತ್ ವೈರ್ ನೋಡಬೇಕು. ಕ್ರಮ ಅದೇ. ನನ್ನ ಬಯೋಡೇಟಾದಲ್ಲಿ ಪ್ರಾಜೆಕ್ಟ್ ಎಂಬ ಜಾಗದಲ್ಲಿ ಆ ಸೀಳಿದ ಪೈಪಿನ ವಿಷಯವನ್ನೇ ನಾಲ್ಕು ಸಾಲು ಬರೆದಿದ್ದೇನೆ. ಮುಂದಿನ ವಾರ ಮೈಸೂರಿನಲ್ಲಿ ಸಂದರ್ಶನವಿದೆ. ಪೈಪಿನ ತುಂಡನ್ನೂ ಬ್ಯಾಗಿಗೆ ಹಾಕಿಕೊಂಡೇ ಹೋಗುತ್ತೇನೆ.