ಹವಳಕ್ಕೆ ಜಾಗ ಹುಡುಕಿದ ಲೆಕ್ಕ

ಹವಳ ಅಂದರೆ ನಮ್ಮ ಮನೆಗಳಲ್ಲಿ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ, ಇಲ್ಲವೇ ಉಂಗುರದ ಹರಳು. ಎಪ್ಪತ್ತು ದಾಟುವವರೆಗೆ ನನಗೂ ಅಷ್ಟೇ ಗೊತ್ತಿತ್ತು. ಹವಳ ಒಂದು ಪ್ರಾಣಿ, ನಾವು ನೋಡುವ ಕಲ್ಲು ಅದು ಕಟ್ಟಿಕೊಂಡ ಗೂಡು ಎಂದು ಕಲಿಸಿದವನು ಆರನೇ ಕ್ಲಾಸಿನ ನನ್ನ ಮೊಮ್ಮಗ. ಆದರೆ ಪಾಠ ಕಲಿಯುವ ಮೊದಲೇ ನಾನು ಅವನಿಗೊಂದು ನಷ್ಟ ಮಾಡಿಟ್ಟೆ. ಈ ವಾರ ಅದನ್ನೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನೂ ನಮ್ಮಾಕೆಯೂ ಮಗನ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆವು. ಅವರ ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ ನೀರು, ಎರಡು ಮೀನು, ಗುಡ್ಡದಂತೆ ಜೋಡಿಸಿದ ಕಲ್ಲು, ಕಲ್ಲಿನ ಮೇಲೆ ಅಲ್ಲಲ್ಲಿ ಹವಳಗಳು. ಮೇಲೆ ನೀಲಿ ಛಾಯೆಯ ದೀಪ. ಪಕ್ಕದಲ್ಲಿ ಅಲೆ ಎಬ್ಬಿಸುವ ಪಂಪು.

ಹುಟ್ಟುಹಬ್ಬದ ದುಡ್ಡನ್ನೆಲ್ಲ ಕೂಡಿಟ್ಟು ಮೊಮ್ಮಗ ಹೊಸದೊಂದು ಹವಳ ತಂದಿದ್ದ. ಟಾರ್ಚ್ ಹವಳ ಅಂತ ಅದರ ಹೆಸರು. ಕಡ್ಡಿಯಂಥ ಗೂಡಿನ ತುದಿಯಲ್ಲಿ ಎರಡು ತಲೆ, ಒಂದೊಂದರಲ್ಲೂ ಶಾವಿಗೆಯಂತೆ ತೂಗುವ ಎಳೆಗಳು, ಎಳೆಯ ತುದಿಯಲ್ಲಿ ಹೊಳೆಯುವ ಚುಕ್ಕಿ. ಇಷ್ಟು ಚೆಂದದ್ದನ್ನು ಹುಡುಗ ತೊಟ್ಟಿಯ ತಳದಲ್ಲಿ, ಮರಳಿನ ಮೇಲೆ, ಮಬ್ಬು ಮೂಲೆಯಲ್ಲಿ ಇಟ್ಟಿದ್ದ.

ಅದೇ ಭಾನುವಾರ ಅವನು ಶಾಲೆಯ ಕ್ಯಾಂಪಿಗೆ ಹೊರಟ. ನಾಲ್ಕು ದಿನ ಮೀನಿಗೆ ಕಾಳು ಹಾಕುವ ಕೆಲಸ ನನ್ನದು. ಮೂಲೆಯಲ್ಲಿ ಕೂತ ಹವಳ ನೋಡಿ ನನಗೆ ಅಯ್ಯೋ ಅನ್ನಿಸಿತು. ಬಿಸಿಲಿಲ್ಲದ ಕಡೆ ತುಳಸಿ ಗಿಡ ಇಟ್ಟ ಹಾಗೆ! ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿದ ಕೈಯನ್ನು ಪಂಚೆಗೆ ಒರೆಸಿಕೊಂಡು ತೊಟ್ಟಿಯೊಳಗೆ ಇಳಿಸಿದೆ. (ಮಕ್ಕಳೇ, ಇದೂ ತಪ್ಪೇ. ಎಣ್ಣೆ, ಸೋಪು ನೀರಿಗಾಗದು. ಕೆಲವು ಹವಳಗಳಲ್ಲಿ ಭಾರೀ ವಿಷ ಇರುವುದರಿಂದ ಬರಿಗೈ ನಮಗೂ ಆಗದು.) ಅದನ್ನೆತ್ತಿ ದೀಪದ ನೇರ ಕೆಳಗೆ, ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಕೂರಿಸಿದೆ. ಪಂಪಿನ ನೀರು ಸಹ ರಭಸವಾಗಿ ತಾಗುತ್ತಿತ್ತು. ಬೆಳಕು, ನೀರು ಎರಡೂ ಸಿಕ್ಕಿತು, ಇನ್ನೇನು ಬೇಕು ಎಂದು ಕಾಫಿ ಕುಡಿದೆ.

ಸೋಮವಾರ ಎಳೆಗಳು ಒಳಗೆ ಸೇರಿದ್ದವು. ಹೊಸ ಜಾಗ, ನಾಚಿಕೆ ಇರಬೇಕು ಅಂದುಕೊಂಡೆ. ಬುಧವಾರದ ಹೊತ್ತಿಗೆ ಬಣ್ಣ ಹೋಗಿ ಸುಣ್ಣದ ಹಾಗೆ ಬಿಳಿಚಿತ್ತು. ಎದೆ ಧಸಕ್ಕೆಂದಿತು. ಹುಡುಗ ಬರುವುದರೊಳಗೆ ಮತ್ತೆ ಅದೇ ಮೂಲೆಯಲ್ಲಿಟ್ಟು, ಏನೂ ಆಗದವನಂತೆ ಪೇಪರ್ ಹಿಡಿದು ಕೂತೆ.

ಬ್ಯಾಂಕಿನಲ್ಲಿ ಲೆಕ್ಕ ಸಿಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ನನ್ನ ತಪ್ಪನ್ನೂ ಎರಡು ದಿನ ಹಾಗೇ ಹಾಕಿಟ್ಟೆ. ಹುಡುಗ ಬಂದವನು ಉಪ್ಪು ಅಳೆದ, ಬಿಸಿ ಅಳೆದ, ಮತ್ತೆ ಅಳೆದ. ಎರಡನೇ ರಾತ್ರಿ ಮಲಗುವ ಹೊತ್ತಿನಲ್ಲಿ ತೊಟ್ಟಿಯ ಮುಂದೆ ಕೂತು, "ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ತಾತ" ಅಂದ. ಆಮೇಲೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅವನು ಒಂದು ಮಾತೂ ಆಡದೆ ಎದ್ದು ಹೋದ. ನಮ್ಮಾಕೆ ನನ್ನ ಕಡೆ ನೋಡಿದ ನೋಟದ ವಿವರ ಇಲ್ಲಿ ಬೇಡ.

ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬಂದು ನನ್ನ ಮುಂದೆ ಕೂತ. "ತಾತ, ಎಷ್ಟು ಗಂಟೆಗೆ ಎತ್ತಿಟ್ಟೆ? ಯಾವ ಕಲ್ಲಿನ ಮೇಲೆ? ಎಷ್ಟು ದಿನ?" ನನ್ನ ಸರ್ವಿಸ್ಸಿನಲ್ಲಿ ಇಷ್ಟು ನೆಟ್ಟಗೆ ಪ್ರಶ್ನೆ ಕೇಳಿದ ಆಡಿಟರ್ ಬಂದಿರಲಿಲ್ಲ.

ಆಮೇಲೆ ಅವನು ತಿಳಿಸಿ ಹೇಳಿದ್ದು ಇಷ್ಟು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗಿರುತ್ತವೆ. ಬೆಳಕಿನಲ್ಲಿ ಅವು ತಯಾರಿಸುವ ಆಹಾರದಲ್ಲಿ ಬಹುಪಾಲು ಮನೆಯ ಯಜಮಾನನಾದ ಹವಳಕ್ಕೆ. ಮಬ್ಬಿನಲ್ಲಿದ್ದ ಹವಳವನ್ನು ಒಮ್ಮೆಗೇ ಜೋರು ಬೆಳಕಿಗೆ ತಂದರೆ ಪಾಚಿಗಳ ಕೆಲಸ ಕೆಟ್ಟು, ಮೈಗೆ ಹಾನಿ ಮಾಡುವ ವಸ್ತು ಹುಟ್ಟುತ್ತದೆ. ಹವಳ ಬಾಡಿಗೆದಾರರನ್ನು ಹೊರಗೆ ಹಾಕುತ್ತದೆ. ಆಗ ತೆಳುವಾದ ಮೈಯ ಮೂಲಕ ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಬಿಳಿಚಿದ್ದೆಲ್ಲ ಸತ್ತಿದೆ ಅಂತಲ್ಲ, ಉಪವಾಸ ಬಿದ್ದಿದೆ ಅಂತ. ಅದಕ್ಕೇ ಹೊಸ ಹವಳವನ್ನು ಮೊದಲು ತಳದಲ್ಲಿಟ್ಟು ವಾರಗಟ್ಟಲೆ ರೂಢಿ ಮಾಡಿಸುವುದು.

ಆ ಶನಿವಾರ ಅಂಗಡಿಯಿಂದ ಬೆಳಕು ಅಳೆಯುವ ಮೀಟರ್ ಬಾಡಿಗೆಗೆ ತಂದೆವು. ಪಾರ್ ಮೀಟರ್ ಎನ್ನುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೆ ಗಿಡ, ಪಾಚಿಗಳಿಗೆ ಬಳಕೆಯಾಗುವ ಬೆಳಕು ಎಷ್ಟು ಬೀಳುತ್ತದೆ ಎಂಬುದನ್ನು ಅದು ಹೇಳುತ್ತದೆ. ನೋಟ್‌ಬುಕ್ಕಿನಲ್ಲಿ ಲೆಡ್ಜರಿನಂತೆ ನಾನು ಗೆರೆ ಹಾಕಿದೆ, ಅವನು ಅಳೆದ. ನಾನು ಹವಳ ಕೂರಿಸಿದ್ದ ಜಾಗದಲ್ಲಿ 320. ನಡುವಿನ ಕಲ್ಲಿನಲ್ಲಿ 130. ಮೂಲೆಯ ಮರಳಿನಲ್ಲಿ 60. ನನ್ನ ಕಣ್ಣಿಗೆ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಥರ ಕಂಡಿತ್ತು! ಕೊಂಬೆ ಕೊಂಬೆಯಾಗಿ ಬೆಳೆಯುವ ಆಕ್ರೊಪೊರಾ ಹವಳ 300ರಲ್ಲಿ ಖುಷಿಯಾಗಿರುತ್ತದೆ. ಟಾರ್ಚಿಗೆ 100ರಿಂದ 150 ಸಾಕು. ಅಣಬೆಯಂತೆ ಚಪ್ಪಟೆಯಾಗಿ ಕೂರುವ ಹವಳಕ್ಕೆ 50 ಇದ್ದರೂ ನಡೆಯುತ್ತದೆ.

ನೀರಿನ ಹರಿವಿಗೆ ಮೀಟರ್ ಬೇಕಾಗಲಿಲ್ಲ. ಹುಡುಗ ಒಂದು ಚಿಟಿಕೆ ಮೀನಿನ ಕಾಳು ಪುಡಿ ಮಾಡಿ ಉದುರಿಸಿದ. ಪಂಪಿನ ಮುಂದೆ ಪುಡಿ ಬಾಣದಂತೆ ಹೋಯಿತು. ಕಲ್ಲಿನ ಹಿಂದೆ ಸುತ್ತಿ ಸುತ್ತಿ ಕೆಳಗೆ ಕೂತಿತು. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಂಡೆಯ ಹಿಂದೆ ಕಸ, ಎಲೆ ಸುತ್ತುತ್ತಾ ನಿಲ್ಲುತ್ತಿದ್ದುದು ನೆನಪಾಯಿತು. ಹವಳಕ್ಕೆ ಕಾಲಿಲ್ಲ. ಊಟ, ಉಸಿರು ತರುವುದೂ ಕಸ ಒಯ್ಯುವುದೂ ನೀರೇ. ಹರಿವು ನಿಂತರೆ ಮೈಮೇಲೆ ಕೊಳೆ ಕೂತು ಕೊಳೆಯುತ್ತದೆ. ಒಂದೇ ದಿಕ್ಕಿನಿಂದ ಬಾಣದಂತೆ ಬಡಿದರೆ ಮೆತ್ತನೆಯ ಮೈ ಗೂಡಿನ ಚೂಪು ಅಂಚಿಗೆ ಉಜ್ಜಿ ಹರಿಯುತ್ತದೆ. ಎಳೆಗಳು ಗಾಳಿಗೆ ಭತ್ತದ ಪೈರು ತೂಗುವಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗುತ್ತಿದ್ದರೆ ಟಾರ್ಚಿಗೆ ಹರಿವು ಸರಿಯಾಗಿದೆ ಎಂದರ್ಥ. ನೆರೆಹೊರೆಯನ್ನೂ ನೋಡಬೇಕಂತೆ. ರಾತ್ರಿ ಈ ಶಾವಿಗೆ ಎಳೆಗಳು ಉದ್ದವಾಗಿ ಚಾಚಿ ಪಕ್ಕದ ಹವಳವನ್ನು ಕುಟುಕುತ್ತವೆ. ಸುತ್ತ ಅರ್ಧ ಅಡಿ ಬಿಟ್ಟೆವು.

ಲೆಡ್ಜರಿನಲ್ಲಿ ಎರಡೂ ಹೊಂದುವ ಜಾಗ ಒಂದೇ ಇತ್ತು: ನಡುವಿನ ಕಲ್ಲಿನ ಬಲಬದಿಯ ಮೆಟ್ಟಿಲು. ಹುಡುಗನಿಗೆ ಅವತ್ತೇ ಇಡುವ ಆತುರ. ಇಲ್ಲಿ ಮಾತ್ರ ನನ್ನ ಬುದ್ಧಿ ಕೆಲಸಕ್ಕೆ ಬಂತು. ಲೆಕ್ಕ ತಾಳೆಯಾಗದಾಗ ಎರಡು ಬಾಬತ್ತು ಒಟ್ಟಿಗೆ ತಿದ್ದಿದರೆ ತಪ್ಪು ಎಲ್ಲಿತ್ತೆಂದು ಎಂದೂ ಸಿಗುವುದಿಲ್ಲ ಅಂದೆ. ಮೂರು ವಾರ ಮೂಲೆಯಲ್ಲೇ ಬಿಟ್ಟು ದಿನಾ ಬರೆದಿಟ್ಟೆವು. ಹತ್ತನೇ ದಿನ ಒಂದು ತಲೆ ಪೂರ್ತಿ ಕರಗಿ ಬರೀ ಗೂಡು ಉಳಿಯಿತು. ಅವನು ಏನೂ ಅನ್ನದೆ ತಾರೀಕು ಬರೆದ. ಇನ್ನೊಂದು ತಲೆ ಗಟ್ಟಿಯಾಗಿ ನಿಂತಿತು. ನಾಲ್ಕನೇ ವಾರ ಮೆಟ್ಟಿಲಿಗೆ ಏರಿಸಿದೆವು. ನಾವು ವಾಪಸು ಹೊರಡುವ ಹೊತ್ತಿಗೆ ಕಂದು ಬಣ್ಣ ಮರಳಿ, ತುದಿಯ ಚುಕ್ಕಿಗಳು ಹೊಳೆಯುತ್ತಿದ್ದವು.

ಮೈಸೂರಿಗೆ ಬಂದು ಈ ಕಥೆ ಹೇಳಿದಾಗ ಪಕ್ಕದ ಮನೆಯ ಹುಡುಗಿ ತನಗೂ ಒಂದು ಹವಳ ಬೇಕು ಎಂದಳು. ಬೇಡಮ್ಮ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ರಕ್ಷಣೆ ಇದೆ, ಹುಲಿಗೆ ಇರುವ ಹಾಗೆ. ಸಮುದ್ರದಿಂದ ಕೀಳುವಂತಿಲ್ಲ, ಮಾರುವಂತಿಲ್ಲ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ನೀರಿನಡಿಯಲ್ಲಿ ಅವು ತಮ್ಮ ಜಾಗ ತಾವೇ ಹುಡುಕಿಕೊಂಡು ಕೂತಿವೆ. ಅವಳ ಮನೆಯ ಸಿಹಿನೀರಿನ ಮೀನಿನ ತೊಟ್ಟಿಯಲ್ಲಿ ಕಾಳಿನ ಪುಡಿ ಉದುರಿಸಿ ಹರಿವು ನೋಡಿದೆವು. ಸತ್ತ ಮೂಲೆ ಸಿಕ್ಕಿತು. ಅಲ್ಲೇ ಕೊಳೆ ಕೂಡುತ್ತಿತ್ತು.

ಹೋದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಮೊಮ್ಮಗ ಫೋನನ್ನು ಗಾಜಿಗೆ ಒತ್ತಿ ಹಿಡಿದ. "ತಾತ, ಸರಿಯಾಗಿ ನೋಡು, ಮಧ್ಯದಲ್ಲಿ ಬಾಯಿ ಎಷ್ಟಿದೆ?" ಕನ್ನಡಕ ಏರಿಸಿ ಎಣಿಸಿದೆ. ಎರಡಿತ್ತು. ಉಳಿದ ಆ ಒಂದು ತಲೆ ಎರಡಾಗಿ ಸೀಳಿಕೊಳ್ಳಲು ಶುರುಮಾಡಿದೆ. ತಾರೀಕು ಬರೆದಿಟ್ಟೆಯಾ ಅಂತ ಕೇಳಿದೆ. ಬರೆದಿದ್ದಾನಂತೆ.